ದೂರಶಿಕ್ಷಣದ ಪಠ್ಯಕ್ಕೆ ಮುಕ್ತ ಪರವಾನಗಿ: ಒಳಗಿರುವ ಕವಿತೆ, ಚಿತ್ರಗಳನ್ನು ಏನು ಮಾಡುವುದು?

ಘಟಕ_ಸಂಪಾದಕ

ಎಲ್ಲರಿಗೂ ನಮಸ್ಕಾರ. ರಾಜ್ಯದ ಕಾಯ್ದೆಯೊಂದರ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾನಿಲಯದ ದೂರಶಿಕ್ಷಣಕ್ಕೆ, ಬಿ.ಎ. ಐಚ್ಛಿಕ ಕನ್ನಡದ ಒಂದು ಪತ್ರಿಕೆಯ ಸ್ವ-ಕಲಿಕಾ ಸಾಮಗ್ರಿ ತಯಾರಾಗುತ್ತಿದೆ. ನಾಲ್ಕು ಬ್ಲಾಕ್, ಹದಿನಾರು ಘಟಕ. ಆರು ಘಟಕ ಕಾಯಂ ಅಧ್ಯಾಪಕರು ಬರೆದದ್ದು, ಹತ್ತು ಘಟಕ ಹೊರಗಿನವರು ಘಟಕಕ್ಕಿಷ್ಟು ಎಂಬ ಗೌರವಧನಕ್ಕೆ ಬರೆದುಕೊಟ್ಟದ್ದು. ಇಷ್ಟು ದಿನ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಹೋಗುತ್ತಿತ್ತು. ಈ ಸಲ ಪಿಡಿಎಫ್ ಅನ್ನು ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟು, ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಮುಕ್ತ ಪರವಾನಗಿ ಕೊಡಬೇಕೆಂಬ ತೀರ್ಮಾನವಾಗಿದೆ.

ತೊಡಕು ಒಳಗಿನ ಸರಕಿನದು. ಬಿ.ಎಂ.ಶ್ರೀ., ಬೇಂದ್ರೆ, ಕುವೆಂಪು ಅವರ ಕವಿತೆಗಳು ಪೂರ್ತಿಯಾಗಿವೆ. ವಚನಗಳನ್ನು ಒಂದು ಮುದ್ರಿತ ಸಂಪುಟದಿಂದ ಅರ್ಥ, ಟಿಪ್ಪಣಿಗಳ ಸಮೇತ ಎತ್ತಲಾಗಿದೆ. ಎರಡು ಘಟಕಗಳಲ್ಲಿ ಕನ್ನಡ ವಿಕಿಪೀಡಿಯದ ಪ್ಯಾರಾಗಳನ್ನು ಸ್ವಲ್ಪ ತಿದ್ದಿ ಸೇರಿಸಿದ್ದಾರೆ. ಚಿತ್ರಗಳೆಲ್ಲ ಗೂಗಲ್‌ನವು. "ಪಾಠಕ್ಕೆ ಬಳಸಿದರೆ ಕಾಪಿರೈಟ್ ಬರುವುದಿಲ್ಲ, ದಿಲ್ಲಿಯ ಜೆರಾಕ್ಸ್ ಕೇಸಿನಲ್ಲಿ ಹಾಗೇ ತೀರ್ಪಾಗಿದೆ" ಎಂಬ ವಾದ ಸಮಿತಿಯಲ್ಲಿದೆ. ಅದು ಸಾಕೇ? ಯಾವ ಪರವಾನಗಿ ಒಳ್ಳೆಯದು? ಅದನ್ನು ಕೊಡುವ ಹಕ್ಕು ಯಾರದ್ದು?

ಓಲೆಗರಿ

ಸರ್, ಆ ತೀರ್ಪು ನಿಮ್ಮ ಅರ್ಧ ಕೆಲಸಕ್ಕೆ ಬಲ ಕೊಡುತ್ತದೆ, ಉಳಿದರ್ಧಕ್ಕೆ ಇಲ್ಲ. ಎರಡೂ ಕಲಸಿಹೋಗಿರುವುದರಿಂದಲೇ ಸಮಿತಿಯಲ್ಲಿ ಗೊಂದಲ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ 2012ರಲ್ಲಿ ದಾವೆ ಹೂಡಿದ್ದವು. ಪಠ್ಯಕ್ರಮದ ಪ್ರಕಾರ ಬೇರೆ ಬೇರೆ ಪುಸ್ತಕಗಳಿಂದ ಪುಟ ಆಯ್ದು ಕಟ್ಟಿದ 'ಕೋರ್ಸ್ ಪ್ಯಾಕ್' ಅಲ್ಲಿನ ವಿಷಯ. 2016ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠವೂ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ ಕಾಪಿರೈಟ್ ಕಾಯ್ದೆಯ 52(1)(ಐ) ಸೆಕ್ಷನ್ನನ್ನು ವಿಶಾಲವಾಗಿ ಓದಿದವು. 'ಬೋಧನೆಯ ಅವಧಿಯಲ್ಲಿ' ಎಂದರೆ ಕೊಠಡಿಯೊಳಗಿನ ಒಂದು ಗಂಟೆ ಮಾತ್ರವಲ್ಲ. ಇಷ್ಟೇ ಪುಟ ಎಂಬ ಮಿತಿ ಇಲ್ಲ, ಬೋಧನೆಗೆ ಎಷ್ಟು ಬೇಕೋ ಅಷ್ಟೇ ತೆಗೆದಿದ್ದಾರೆಯೇ ಎಂಬುದೇ ಅಳತೆಗೋಲು. ದೂರಶಿಕ್ಷಣದಲ್ಲಿ ಅಧ್ಯಾಪಕರ ಜಾಗದಲ್ಲಿ ಪುಸ್ತಕವೇ ನಿಂತು ಪಾಠ ಮಾಡುತ್ತದೆ, ಆದ್ದರಿಂದ ನೋಂದಾಯಿತ ವಿದ್ಯಾರ್ಥಿಗೆ ಕಳಿಸುವ ಪ್ರತಿಗೆ ಈ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ. ದಿಲ್ಲಿ ಹೈಕೋರ್ಟಿನ ತೀರ್ಪಿಗೆ ಕರ್ನಾಟಕದ ನ್ಯಾಯಾಲಯಗಳು ಬದ್ಧವಲ್ಲ, ಆದರೆ ತೂಕವಂತೂ ಇದ್ದೇ ಇದೆ.

ಈಗ ಇನ್ನರ್ಧ. ಆ ಸೆಕ್ಷನ್ ವಿನಾಯಿತಿ ಕೊಡುವುದು ಅಧ್ಯಾಪಕ ಅಥವಾ ವಿದ್ಯಾರ್ಥಿ ಮಾಡುವ ಮರುಮುದ್ರಣಕ್ಕೆ. ಊರಿಗೆಲ್ಲ ತೆರೆದ ಜಾಲತಾಣದಲ್ಲಿ ಇಡುವುದು ಕಾಯ್ದೆಯ ಭಾಷೆಯಲ್ಲಿ ಸಾರ್ವಜನಿಕರಿಗೆ ತಲುಪಿಸುವ ಬೇರೆಯೇ ಹಕ್ಕು. ಅದಕ್ಕಿಂತ ಮುಖ್ಯ, ವಿನಾಯಿತಿಯ ಬಲದಲ್ಲಿ ನಿಮ್ಮ ಪುಸ್ತಕದೊಳಗೆ ಬಂದ ಕವಿತೆ ನಿಮ್ಮದಾಗುವುದಿಲ್ಲ. ಮುಕ್ತ ಪರವಾನಗಿ ಎಂದರೆ "ಯಾರು ಬೇಕಾದರೂ ನಕಲು ಮಾಡಿ, ಬದಲಿಸಿ, ಹಂಚಿ" ಎಂದು ಒಡೆಯ ಕೊಡುವ ಮಾತು. ಬೇಂದ್ರೆಯವರ ಕವಿತೆಯ ಪರವಾಗಿ ಆ ಮಾತು ಕೊಡಲು ನಿಮಗೆ ಬರುವುದಿಲ್ಲ. ಬಾಡಿಗೆ ಮನೆಯನ್ನು ದಾನ ಬರೆದುಕೊಟ್ಟ ಹಾಗಾಗುತ್ತದೆ.

ಲೇಖಕರ ಅವಧಿಯ ಲೆಕ್ಕ ಸುಲಭ: ತೀರಿಕೊಂಡ ವರ್ಷಕ್ಕೆ 60 ಕೂಡಿಸಿ, ಆ ವರ್ಷದ ಡಿಸೆಂಬರ್ 31ರ ತನಕ ಹಕ್ಕು ಇರುತ್ತದೆ. ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡರು, 2007ರ ಜನವರಿ 1ರಿಂದ ಅವರ ಬರಹ ಮುಕ್ತ. ಬೇಂದ್ರೆ 1981, ಹಾಗಾಗಿ 2041ರ ಕೊನೆಯವರೆಗೆ ಹಕ್ಕಿದೆ. ಕುವೆಂಪು 1994, ಅವರದ್ದು 2054ರ ಕೊನೆಯವರೆಗೆ. ಅನುವಾದವಿದ್ದರೆ ಮೂಲ ಲೇಖಕರದ್ದು ಒಂದು ಲೆಕ್ಕ, ಅನುವಾದಕರದ್ದು ಇನ್ನೊಂದು. ಕಾಳಿದಾಸ ಮುಕ್ತ, ಅವನನ್ನು ಕನ್ನಡಕ್ಕೆ ತಂದವರು ಹತ್ತು ವರ್ಷದ ಹಿಂದೆ ತೀರಿಕೊಂಡಿದ್ದರೆ ಆ ಕನ್ನಡ ಮುಕ್ತವಲ್ಲ.

ವಚನಗಳಲ್ಲಿ ಎಡವುವುದೂ ಇಲ್ಲೇ. ಹನ್ನೆರಡನೆಯ ಶತಮಾನದ ವಚನಕ್ಕೆ ಹಕ್ಕಿಲ್ಲ ನಿಜ. ಆದರೆ ಸಂಪಾದಕರ ಪ್ರಸ್ತಾವನೆ, ಅರ್ಥ, ಟಿಪ್ಪಣಿ, ಪದಕೋಶ ಅವರವರ ಸ್ವಂತ ಬರಹ. ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡಿದ್ದರಿಂದ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಮುಕ್ತವಾಗಿವೆ, ಅವರ ಟಿಪ್ಪಣಿ ಧಾರಾಳವಾಗಿ ಬಳಸಿ. ಈಚಿನ ಸಂಪುಟಗಳಿಂದ ವಚನದ ಪಾಠವನ್ನಷ್ಟೇ ತೆಗೆದುಕೊಂಡು, ಅರ್ಥವನ್ನು ನಿಮ್ಮ ಘಟಕ ಲೇಖಕರೇ ಬರೆಯಲಿ. ಹೇಗೂ ಪಾಠ ಬರೆಯುವುದೆಂದರೆ ಅದೇ ತಾನೆ?

ನನ್ನ ಸಲಹೆ, ಎರಡು ಪ್ರತಿ ಮಾಡಿ. ಒಳಪ್ರತಿಯಲ್ಲಿ ಪೂರ್ಣ ಕವಿತೆಗಳಿರಲಿ. ಅದು ಅಂಚೆಯಲ್ಲಿ, ಇಲ್ಲವೇ ನೋಂದಣಿ ಸಂಖ್ಯೆ ಹಾಕಿ ಒಳಹೋಗುವ ಪುಟದಲ್ಲಿ ವಿದ್ಯಾರ್ಥಿಗಷ್ಟೇ ಸಿಗಲಿ. ಮುಕ್ತಪ್ರತಿಯಲ್ಲಿ ಹಕ್ಕಿರುವ ಕವಿತೆಗಳ ಪೂರ್ಣ ಪಾಠ ತೆಗೆದು, ಚರ್ಚೆಗೆ ಬೇಕಾದ ಸಾಲುಗಳನ್ನು ಮಾತ್ರ ಉಲ್ಲೇಖಿಸಿ. ಸಾಲು ಕೊಟ್ಟು, ಅದರ ಕೆಳಗೆ ಆ ಸಾಲಿನ ಬಗ್ಗೆಯೇ ಮಾತಾಡಿದರೆ ಅದು 52(1)(ಎ)ದ ವಿಮರ್ಶೆಯ ಬಳಕೆಯಾಗುತ್ತದೆ. ಅನುಬಂಧದಲ್ಲಿ ಇಡೀ ಕವಿತೆಯನ್ನು ಸುಮ್ಮನೆ ಅಚ್ಚು ಹಾಕಿ ವಿಮರ್ಶೆ ಎನ್ನಲಾಗದು. ಪೂರ್ಣ ಪಾಠಕ್ಕೆ ಕವನ ಸಂಕಲನದ ಹೆಸರು, ಪುಟಸಂಖ್ಯೆ ಕೊಟ್ಟರೆ ಸಾಕು, ವಿದ್ಯಾರ್ಥಿಯ ಕೈಯಲ್ಲಿ ಒಳಪ್ರತಿ ಇದ್ದೇ ಇರುತ್ತದೆ.

52(1)(ಎಚ್) ಅನ್ನೂ ಕೆಲವರು ಎತ್ತುತ್ತಾರೆ. ಅದು ಪಠ್ಯ ಸಂಕಲನಗಳಿಗೆ. ಸಂಕಲನದ ಬಹುಪಾಲು ಹಕ್ಕಿಲ್ಲದ ಬರಹವಾಗಿರಬೇಕು, ಬೋಧನೆಗೆಂದು ಶೀರ್ಷಿಕೆಯಲ್ಲೇ ಹೇಳಿರಬೇಕು, ತೆಗೆಯುವ ಭಾಗ ಚಿಕ್ಕದಿರಬೇಕು, ಒಬ್ಬ ಪ್ರಕಾಶಕ ಒಬ್ಬ ಲೇಖಕನಿಂದ ಐದು ವರ್ಷದಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹಳಗನ್ನಡ, ನಡುಗನ್ನಡ ಸಂಕಲನಕ್ಕೆ ಕೊನೆಯಲ್ಲಿ ಎರಡು ಹೊಸಗನ್ನಡ ಕವಿತೆ ಸೇರಿಸುವಾಗ ಉಪಯೋಗಕ್ಕೆ ಬರುತ್ತದೆ. ನಿಮ್ಮ ಆಧುನಿಕ ಕಾವ್ಯದ ಬ್ಲಾಕ್‌ಗೆ ಬರುವುದಿಲ್ಲ.

ಕರಡುತಿದ್ದು

ಒಡೆತನದ ಪ್ರಶ್ನೆಗೆ: ಕಾಯಂ ಅಧ್ಯಾಪಕರು ಕೆಲಸದ ಭಾಗವಾಗಿ ಬರೆದ ಆರು ಘಟಕಗಳಿಗೆ 17(ಸಿ) ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯೇ ಮೊದಲ ಒಡೆಯ. ಹೊರಗಿನವರ ಹತ್ತು ಘಟಕಗಳಿಗೆ ಅವರೇ ಒಡೆಯರು. ಗೌರವಧನ ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಸಹಿ ಮಾಡಿದ ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು.

ಆ ಬರಹ ಹೇಗಿರುತ್ತದೆ ಎಂಬುದರಲ್ಲೇ ಎಲ್ಲ ಇದೆ. "ಈ ಘಟಕದ ಹಕ್ಕುಗಳನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟಿದ್ದೇನೆ" ಎಂಬ ಒಂದೇ ಸಾಲಿನ ಪತ್ರ ಕಡತಗಳಲ್ಲಿ ಬೇಕಾದಷ್ಟು ಸಿಗುತ್ತದೆ. 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೆ, ಬೇರೆ ಮಾತು ಬರೆದಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ ಇರುವ ಹಕ್ಕಿನಿಂದ ಜಗತ್ತಿಗೆಲ್ಲ, ಹಿಂಪಡೆಯಲಾಗದ ಪರವಾನಗಿ ಕೊಡಲು ಹೇಗಾದೀತು?

ಒಪ್ಪಂದಕ್ಕೆ ಈ ಅರ್ಥದ ಮಾತು ಸೇರಿಸಿ: "ಘಟಕದ ಮುದ್ರಣ, ವಿದ್ಯುನ್ಮಾನ ಪ್ರಕಟಣೆ, ಧ್ವನಿ ಮತ್ತು ದೃಶ್ಯ ರೂಪಾಂತರ, ಅನುವಾದ ಇವೆಲ್ಲದರ ಹಕ್ಕನ್ನು ಕಾಪಿರೈಟ್ ಇರುವ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ಅನ್ವಯವಾಗುವಂತೆ ವರ್ಗಾಯಿಸಿದ್ದೇನೆ. ಸೆಕ್ಷನ್ 19(4) ಇದಕ್ಕೆ ಅನ್ವಯಿಸುವುದಿಲ್ಲ. ವಿಶ್ವವಿದ್ಯಾನಿಲಯ ಇದನ್ನು ಮುಕ್ತ ಪರವಾನಗಿಯಲ್ಲಿ ಪ್ರಕಟಿಸಬಹುದು. ಘಟಕದಲ್ಲಿ ಬೇರೆಯವರ ಬರಹ, ಚಿತ್ರ ಬಳಸಿದ್ದರೆ ಅದರ ಪಟ್ಟಿಯನ್ನು ಜೊತೆಗೆ ಕೊಟ್ಟಿದ್ದೇನೆ." ಗೌರವಧನದ ಮೊತ್ತವನ್ನೂ ಒಪ್ಪಂದದಲ್ಲೇ ನಮೂದಿಸಿ.

ಕೊನೆಯ ವಾಕ್ಯದ ಪಟ್ಟಿಯನ್ನು ಹಸ್ತಪ್ರತಿ ಜೊತೆಗೇ ವಸೂಲಿ ಮಾಡಿ, ಗೌರವಧನದ ಬಿಲ್ಲಿಗೆ ಅದನ್ನೇ ಷರತ್ತು ಮಾಡಿ. ಆಮೇಲೆ ಕೇಳಿದರೆ ಬರುವ ಉತ್ತರ "ನೆಟ್‌ನಲ್ಲಿ ಸಿಕ್ಕಿತ್ತು".

ಸೆಕ್ಷನ್_ಹದಿನೇಳು

ಕರಡುತಿದ್ದು ಅವರ ಒಪ್ಪಂದದ ಕರಡು ಚೆನ್ನಾಗಿದೆ. ಆದರೆ "ಅವರೇ ಒಡೆಯರು" ಎಂಬುದಕ್ಕೆ ಒಂದು ತಿದ್ದುಪಡಿ. 17(ಡಿಡಿ) ನೋಡಿ. ಸಾರ್ವಜನಿಕ ಉದ್ಯಮದ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ತಯಾರಾದ, ಇಲ್ಲವೇ ಮೊದಲು ಪ್ರಕಟವಾದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಉದ್ಯಮವೇ ಮೊದಲ ಒಡೆಯ. ಹೆಸರು 'ಉದ್ಯಮ' ಅಂತಿದ್ದರೂ ಅದರ ವಿವರಣೆಯಲ್ಲಿ ಕೇಂದ್ರ ಅಥವಾ ರಾಜ್ಯದ ಕಾಯ್ದೆಯ ಮೂಲಕ ಸ್ಥಾಪಿತವಾದ ನಿಗಮಿತ ಸಂಸ್ಥೆಯೂ ಸೇರುತ್ತದೆ. ರಾಜ್ಯದ ವಿಶ್ವವಿದ್ಯಾನಿಲಯಗಳು ಇದರಡಿ ಬರುತ್ತವೆಂದು ವಾದಿಸಬಹುದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ 1992ರ ತನ್ನದೇ ಕಾಯ್ದೆಯಿಂದ ಬಂದದ್ದು. ಘಟಕದ ಚೌಕಟ್ಟು, ಪಠ್ಯಕ್ರಮ, ಪರಿಷ್ಕರಣೆ ಎಲ್ಲವೂ ಸಂಸ್ಥೆಯದೇ ಆಗಿದ್ದರೆ ನಿರ್ದೇಶನ ಇತ್ತು ಎನ್ನಲು ಆಧಾರ ಸಿಗುತ್ತದೆ. ಹಾಗೆ ಒಪ್ಪಿದರೆ ಅವಧಿಯ ಲೆಕ್ಕವೂ ಬದಲಾಗುತ್ತದೆ: ಲೇಖಕರ ಸಾವಿನಿಂದಲ್ಲ, ಮೊದಲು ಪ್ರಕಟವಾದ ವರ್ಷದಿಂದ 60 ವರ್ಷ.

ಹಾಗಂತ ಇದನ್ನೇ ನೆಚ್ಚಿಕೊಂಡು ಒಪ್ಪಂದ ಬಿಡಬೇಡಿ. ಒಪ್ಪಂದವೇ ಸಿಗದ ಹಳೆಯ ಕಡತಗಳಿಗೆ 17(ಡಿಡಿ) ಊರುಗೋಲು, ಹೊಸ ಕೆಲಸಕ್ಕೆ ಕರಡುತಿದ್ದು ಅವರ ಮಾತೇ ಸರಿ.

ಇನ್ನೊಂದು ವಿಷಯ. ಹಕ್ಕು ಯಾರದ್ದೇ ಆಗಿರಲಿ, 57ನೇ ಸೆಕ್ಷನ್ ಪ್ರಕಾರ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. 'ಸಂಪಾದಕ ಮಂಡಳಿ' ಎಂದು ಮೊದಲ ಪುಟದಲ್ಲಿ ಹಾಕಿ ಘಟಕ ಲೇಖಕರ ಹೆಸರನ್ನೇ ಬಿಡುವ ಅಭ್ಯಾಸ ಕೆಲವೆಡೆ ಇದೆ. ಪ್ರತಿ ಘಟಕದ ಮೊದಲ ಪುಟದಲ್ಲಿ ಹೆಸರಿರಲಿ. ಮುಕ್ತ ಪರವಾನಗಿಯಲ್ಲಿ ಬಳಸುವವರು ಯಾರ ಹೆಸರು ಹಾಕಬೇಕು ಎಂಬುದು ಅಲ್ಲಿಂದಲೇ ತಿಳಿಯಬೇಕು.

ಗ್ರಂಥಭಂಡಾರ

ಯಾವ ಪರವಾನಗಿ ಎಂಬುದನ್ನು ನಿಮ್ಮ ಇಷ್ಟಕ್ಕಿಂತ ಮೊದಲು ವಿಕಿಪೀಡಿಯದ ಪ್ಯಾರಾಗಳು ನಿರ್ಧರಿಸುತ್ತವೆ. ವಿಕಿಪೀಡಿಯ 2023ರ ಜೂನ್‌ನಿಂದ ಸಿಸಿ ಬಿವೈ-ಎಸ್‌ಎ 4.0ರಲ್ಲಿದೆ, ಅದಕ್ಕೆ ಮೊದಲು 3.0. ಬಿವೈ ಎಂದರೆ ಕರ್ತೃವಿನ ಹೆಸರು ಹಾಕಬೇಕು, ಎಸ್‌ಎ ಎಂದರೆ ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ತಿದ್ದಿ ಸೇರಿಸಿದ ಬರಹ ರೂಪಾಂತರ, ಅದನ್ನು ಅದೇ ಪರವಾನಗಿಯಲ್ಲಿ ಹಂಚಬೇಕು. ಆ ಎರಡು ಘಟಕಗಳನ್ನು ಬಿವೈ-ಎನ್‌ಸಿ-ಎಸ್‌ಎ (ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಕೂಡದು) ಎಂದು ಹಾಕಿದರೆ ವಿಕಿಪೀಡಿಯದ ಷರತ್ತು ಮುರಿದಂತೆ. ಇದು ತುಂಬಾ ಕಡೆ ಆಗುವ ತಪ್ಪು: ಎರಡರಲ್ಲೂ 'ಎಸ್‌ಎ' ಇದೆ, ಹೊಂದುತ್ತದೆ ಅಂದುಕೊಳ್ಳುತ್ತಾರೆ. ಹೊಂದುವುದಿಲ್ಲ. ಒಂದೋ ಆ ಪ್ಯಾರಾ ಕಿತ್ತು ಸ್ವಂತ ಬರೆಸಿ, ಇಲ್ಲವೇ ಇಡೀ ಪುಸ್ತಕವನ್ನೇ ಬಿವೈ-ಎಸ್‌ಎ 4.0 ಮಾಡಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ಎನ್‌ಸಿ ಬೇಕು ಎನ್ನುವವರ ಭಯ ಗೈಡ್ ಪ್ರಕಾಶಕರದ್ದು. ಭಯ ಸುಳ್ಳಲ್ಲ. ಆದರೆ ಬಿವೈ-ಎಸ್‌ಎ ಪುಸ್ತಕವನ್ನು ಗೈಡ್ ಮಾಡಿ ಮಾರುವವನು ನಿಮ್ಮ ಹೆಸರು ಹಾಕಬೇಕು, ಬದಲಾವಣೆ ಮಾಡಿದ್ದನ್ನು ಹೇಳಬೇಕು, ತಾನು ಬೆಳೆಸಿದ ಪಠ್ಯವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಅಂದರೆ ಅವನ ಗೈಡನ್ನು ನಿಮ್ಮ ವಿದ್ಯಾರ್ಥಿ ಜೆರಾಕ್ಸ್ ಮಾಡಿದರೆ ಅವನು ಉಸಿರೆತ್ತುವಂತಿಲ್ಲ. ಈ ಷರತ್ತು ಓದಿದ ಮೇಲೆ ಅಂಥವರ ಉತ್ಸಾಹ ಅರ್ಧ ಇಳಿಯುತ್ತದೆ. ಷರತ್ತು ಮುರಿದರೆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ, 4.0ರಲ್ಲಿ ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿಕೊಂಡರೆ ಮತ್ತೆ ಸಿಗುತ್ತದೆ.

ಎನ್‌ಸಿ ಹಾಕಿದರೆ ತೊಂದರೆ ನಿಮ್ಮವರಿಗೇ. ಅಧ್ಯಯನ ಕೇಂದ್ರದ ಪಕ್ಕದ ಅಂಗಡಿ ಪುಟಕ್ಕಿಷ್ಟು ಎಂದು ಹಣ ಪಡೆದು ಮುದ್ರಿಸಿ ಕೊಡಬಹುದೇ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ಇದೇ ಪ್ರಶ್ನೆ ಹಿಡಿದು, ನಕಲು ಅಂಗಡಿಗಳನ್ನೂ ನಡೆಸುವ ಫೆಡ್‌ಎಕ್ಸ್ ಕಂಪನಿಯ ಮೇಲೆ ದಾವೆ ಹೂಡಿತ್ತು. ಶಾಲೆಯ ಪರವಾಗಿ ನಕಲು ತೆಗೆದುಕೊಡುವ ಅಂಗಡಿ ಷರತ್ತು ಮುರಿದಂತಲ್ಲ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತೀರ್ಪು ನಮ್ಮಲ್ಲಿ ನಡೆಯುವುದಿಲ್ಲ. ಹಳ್ಳಿಯ ಜೆರಾಕ್ಸ್ ಅಂಗಡಿಯವನನ್ನು ಈ ಜಿಜ್ಞಾಸೆಗೆ ಯಾಕೆ ತಳ್ಳುವುದು? ಬದಲಿಸಿದ್ದನ್ನು ಹಂಚಕೂಡದು ಎನ್ನುವ ಎನ್‌ಡಿಯಂತೂ ಬೇಡವೇ ಬೇಡ, ಅದರಲ್ಲಿ ತುಳುವಿಗೋ ಕೊಂಕಣಿಗೋ ಅನುವಾದಿಸಿದ್ದನ್ನು ಹಂಚುವಂತಿಲ್ಲ.

ಕನ್ನಡದಲ್ಲಿ ಇದಕ್ಕೆ ದಾರಿ ಆಗಲೇ ಬಿದ್ದಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಸಿಸಿ ಬಿವೈ-ಎಸ್‌ಎ ಅಡಿ ಬಿಟ್ಟಿತು. ಅದೇ ವರ್ಷ ನಿರಂಜನರ ಕೃತಿಗಳೂ ಕುಟುಂಬದವರಿಂದ ಅದೇ ಪರವಾನಗಿಯಲ್ಲಿ ಬಂದವು. ಆಧುನಿಕ ಗದ್ಯಕ್ಕೆ ಪೂರ್ಣ ಪಾಠವೇ ಬೇಕೆಂದರೆ ಇಂಥವನ್ನು ಪಠ್ಯಕ್ಕೆ ಆರಿಸಿ, ಅನುಮತಿ ಪತ್ರದ ರಗಳೆಯೇ ಇಲ್ಲ.

ಚಿತ್ರಗಳ ವಿಷಯ ಪಠ್ಯದಂತಲ್ಲ. ಬಿವೈ-ಎಸ್‌ಎ ಚಿತ್ರವನ್ನು ಹಾಗೇ ಪುಟದಲ್ಲಿಟ್ಟರೆ ಅದು ಸಂಕಲನ, ನಿಮ್ಮ ಪಠ್ಯಕ್ಕೆ ಆ ಷರತ್ತು ಅಂಟುವುದಿಲ್ಲ. ಚಿತ್ರದ ಕೆಳಗೆ ನಾಲ್ಕು ಸಂಗತಿ ಬೇಕು: ಹೆಸರು, ತೆಗೆದವರು, ಮೂಲದ ಕೊಂಡಿ, ಪರವಾನಗಿ. "ಕೃಪೆ: ಗೂಗಲ್" ಎನ್ನುವುದು ಯಾವುದನ್ನೂ ಹೇಳುವುದಿಲ್ಲ. ಗೂಗಲ್ ಚಿತ್ರಹುಡುಕಾಟದಲ್ಲಿ ಪರವಾನಗಿಯ ಸೋಸುವಿಕೆ ಇದೆ, ಆದರೆ ಮೂಲ ಪುಟಕ್ಕೆ ಹೋಗಿ ಖಾತ್ರಿ ಮಾಡಿಕೊಳ್ಳಿ. ವಿಕಿಪೀಡಿಯ ಲೇಖನದಲ್ಲಿ ಕಂಡ ಚಿತ್ರವೆಲ್ಲ ಮುಕ್ತವಲ್ಲ. ಪುಸ್ತಕದ ಮುಖಪುಟ, ಸಿನಿಮಾ ಪೋಸ್ಟರ್‌ಗಳು 'ನ್ಯಾಯಯುತ ಬಳಕೆ' ಹೆಸರಲ್ಲಿ ಅಲ್ಲಿರಬಹುದು. ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಭಂಡಾರದಲ್ಲಿರುವುದನ್ನೇ ಆರಿಸಿ. ನಕ್ಷೆಯಾದರೆ ಇನ್ನೊಂದು ಎಚ್ಚರ: ಹೊರದೇಶದವರು ಬರೆದ ನಕ್ಷೆಗಳಲ್ಲಿ ಜಮ್ಮು-ಕಾಶ್ಮೀರದ ಗಡಿ ಚುಕ್ಕೆಗೆರೆಯಲ್ಲಿರುತ್ತದೆ. ಪರವಾನಗಿ ಸರಿಯಿದ್ದರೂ ಸರ್ವೆ ಆಫ್ ಇಂಡಿಯಾದ ಗಡಿಗೆ ಹೊಂದದ ನಕ್ಷೆ ಪ್ರಕಟಿಸುವುದು ಇಲ್ಲಿ ಅಪರಾಧ.

ಅಕ್ಷರಜೋಡಣೆ

ಕಾನೂನು ಎಲ್ಲ ಸರಿಯಾದ ಮೇಲೆ ಪಿಡಿಎಫ್ ತೆರೆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಆಸ್ಕಿ ಫಾಂಟ್ ಇರುತ್ತದೆ! ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ. ಹುಡುಕಲು ಬರುವುದಿಲ್ಲ, ದೃಷ್ಟಿದೋಷವಿರುವ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಓದುವುದಿಲ್ಲ. "ಬದಲಿಸಬಹುದು" ಎಂದು ಬರೆದು, ಬದಲಿಸಲಾಗದ ಕಡತ ಕೊಟ್ಟಂತೆ.

ಹೀಗೆ ಮಾಡಿ. ಡಿಟಿಪಿಯವರಿಂದ ಪಿಡಿಎಫ್ ಅಲ್ಲ, ಮೂಲ ಕಡತವನ್ನೇ ಪಡೆಯಿರಿ. ಯೂನಿಕೋಡ್ ಪರಿವರ್ತಕದಲ್ಲಿ ಹಾಕುವ ಮೊದಲು ಇಂಗ್ಲಿಷ್ ಪದಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿಕೊಳ್ಳಿ, ಯಾಕೆಂದರೆ ಆಸ್ಕಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಸಂಕೇತ ಒಂದೇ, ಪರಿವರ್ತಕ ಇಂಗ್ಲಿಷನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಆಮೇಲೆ ಅರ್ಕಾವತ್ತು, ಎರಡೆರಡು ಒತ್ತು ಇರುವ ಪದಗಳು, ಆವರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ. ಹಳಗನ್ನಡ ಉಲ್ಲೇಖಗಳಲ್ಲಿ ಱ, ೞ ಮಾಯವಾಗಿರುತ್ತವೆ ಅಥವಾ ಬೇರೆ ಅಕ್ಷರವಾಗಿರುತ್ತವೆ, ಅವನ್ನು ಕೈಯಲ್ಲೇ ತಿದ್ದಬೇಕು.

ಫಾಂಟ್‌ಗೆ ನೋಟೊ ಸೆರಿಫ್ ಕನ್ನಡ ಸಾಕು. ಅದು ಓಪನ್ ಫಾಂಟ್ ಲೈಸೆನ್ಸ್‌ನದು, ಪಿಡಿಎಫ್ ಒಳಗೆ ಸೇರಿಸಿದರೆ ನಿಮ್ಮ ಪುಸ್ತಕದ ಪರವಾನಗಿಗೆ ಏನೂ ಆಗುವುದಿಲ್ಲ. ಪಿಡಿಎಫ್ ಪಕ್ಕದಲ್ಲಿ ತಿದ್ದಬಹುದಾದ ಓಡಿಟಿ ಅಥವಾ ಡಾಕ್ಸ್ ಕಡತವನ್ನೂ ಇಡಿ. ಪಿಡಿಎಫ್‌ಗೆ ಪಾಸ್‌ವರ್ಡ್, ಮುದ್ರಣ ತಡೆ ಹಾಕಬೇಡಿ. ಸಿಸಿ ಕೊಟ್ಟು ಬೀಗವನ್ನೂ ಹಾಕಿದರೆ ಕೊಟ್ಟದ್ದೇನು? ಒಳಗಿರುವ ಬೇರೆಯವರ ಸಿಸಿ ಸರಕಿಗಂತೂ ಹಾಗೆ ಬೀಗ ಹಾಕುವುದು ಷರತ್ತು ಮುರಿದಂತೆಯೇ.

ಹಕ್ಕಿನ ಪುಟದ ಒಕ್ಕಣೆ: "ಬೇರೆ ರೀತಿ ಗುರುತಿಸಿದ ಭಾಗಗಳನ್ನು ಬಿಟ್ಟು, ಈ ಕೃತಿ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0 ಅಂತರರಾಷ್ಟ್ರೀಯ ಪರವಾನಗಿಯಲ್ಲಿದೆ." ಕೆಳಗೆ ಪರವಾನಗಿಯ ಕೊಂಡಿ. ಅದರ ಕೆಳಗೆ, ಹೀಗೆ ಉಲ್ಲೇಖಿಸಿ ಎಂಬ ಒಂದು ಸಾಲು. ಕೊನೆಗೆ ಹೊರತಾದ ಭಾಗಗಳ ಪಟ್ಟಿ, ಪುಟಸಂಖ್ಯೆ ಸಮೇತ. "ಸರ್ವ ಹಕ್ಕುಗಳನ್ನು ಕಾಯ್ದಿರಿಸಿದೆ" ಎಂಬ ಹಳೆಯ ಸಾಲು ಟೆಂಪ್ಲೇಟಿನಿಂದ ಹಾಗೇ ಬಂದು ಕೂತಿರುತ್ತದೆ, ಅದನ್ನು ಅಳಿಸಿ.

ಘಟಕ_ಸಂಪಾದಕ

ಎಲ್ಲರಿಗೂ ಧನ್ಯವಾದ. ಎರಡು ಪ್ರತಿಯ ದಾರಿ ಹಿಡಿಯುತ್ತೇವೆ. ಇನ್ನೊಂದೇ ಪ್ರಶ್ನೆ: ಭಾವಗೀತೆಯ ಘಟಕಕ್ಕೆ ಧ್ವನಿಪಾಠ ಮಾಡಿ ಯೂಟ್ಯೂಬ್‌ಗೆ ಹಾಕುವ ಯೋಜನೆ ಇದೆ, ನಡುವೆ ಕ್ಯಾಸೆಟ್ಟಿನ ಹಾಡು ಕೇಳಿಸಬಹುದೇ? ಬೇಂದ್ರೆಯವರ ಕವಿತೆಗೆ ಪ್ರಕಾಶಕರನ್ನು ಕೇಳಿದರೆ ಸಾಕೇ?

ಓಲೆಗರಿ

ಹಾಡಿನಲ್ಲಿ ಮೂರು ಹಕ್ಕುಗಳಿವೆ: ಕವಿಯದು, ರಾಗ ಹಾಕಿದವರದು, ಧ್ವನಿಮುದ್ರಿಕೆಯದು. ಧ್ವನಿಮುದ್ರಿಕೆಗೆ ಪ್ರಕಟವಾದ ವರ್ಷದಿಂದ 60 ವರ್ಷ. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು 2020ರ ಕೊನೆಗೆ ಮುಗಿದಿದ್ದರೂ ಅದರೊಳಗಿನ ಕವಿತೆಯ ಹಕ್ಕು ಉಳಿದಿರಬಹುದು. ಸಂಪರ್ಕ ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದೆ ಕ್ಯಾಸೆಟ್ ಹಾಕಲು 52(1)(ಜೆ) ಅವಕಾಶ ಕೊಡುತ್ತದೆ. ಅಲ್ಲಿ ಕೇಳುಗರು ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟಕ್ಕೇ ಸೀಮಿತ. ಯೂಟ್ಯೂಬ್ ಅದರೊಳಗೆ ಬರುವುದಿಲ್ಲ, ಮೇಲಾಗಿ ಹಾಡನ್ನು ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಯಿಂದ ಕ್ಯಾಸೆಟ್ ಕಂಪನಿಯ ಕ್ಲೇಮ್ ತಾನಾಗಿಯೇ ಬಂದು ಪಾಠದ ಮೇಲೆ ಜಾಹೀರಾತು ಓಡಬಹುದು. ಯೂಟ್ಯೂಬ್‌ನ ಪರವಾನಗಿ ಆಯ್ಕೆಯಲ್ಲಿರುವ ಸಿಸಿ ಪರವಾನಗಿ ಬಿವೈ ಮಾತ್ರ. ನಿಮ್ಮದು ಬಿವೈ-ಎಸ್‌ಎ ಆದರೆ ಅದನ್ನು ಒತ್ತಬೇಡಿ, ವಿವರಣೆಯ ಜಾಗದಲ್ಲಿ ಬರೆಯಿರಿ.

ಅನುಮತಿಗೆ ಪ್ರಕಾಶಕರೊಬ್ಬರೇ ಸಾಲದು. ಅವರ ಒಪ್ಪಂದ 1995ರ ಮೇ ನಂತರದ್ದಾದರೆ ಮೇಲೆ ಬಂದ ಐದು ವರ್ಷದ ನಿಯಮ ಅವರಿಗೂ ಅನ್ವಯಿಸಬಹುದು, ಹಕ್ಕು ಕುಟುಂಬಕ್ಕೆ ಮರಳಿರಬಹುದು. "ಹಕ್ಕು ನಿಮ್ಮಲ್ಲಿದೆಯೇ, ಯಾವ ಪತ್ರದ ಮೇಲೆ?" ಎಂದು ಮೊದಲು ಕೇಳಿ. ಪತ್ರದಲ್ಲಿ ಕವಿತೆಯ ಹೆಸರು, ಅಚ್ಚಿಗೋ ಜಾಲತಾಣಕ್ಕೋ ಎರಡಕ್ಕೋ, ಎಷ್ಟು ಪ್ರತಿ, ಎಷ್ಟು ವರ್ಷ ಎಂಬುದೆಲ್ಲ ಸ್ಪಷ್ಟವಾಗಿರಲಿ. ಆ ಕವಿತೆಗೇ ಸಿಸಿ ಕೊಡಿ ಎಂದು ಕುಟುಂಬವನ್ನು ಕೇಳಬೇಡಿ, ಸುಮ್ಮನೆ ಗಾಬರಿಯಾಗುತ್ತಾರೆ. "ಈ ಪುಟಕ್ಕೆ ಮುಕ್ತ ಪರವಾನಗಿ ಅನ್ವಯಿಸುವುದಿಲ್ಲ, ಅನುಮತಿ ಪಡೆದು ಬಳಸಲಾಗಿದೆ ಎಂದು ಅಚ್ಚು ಹಾಕುತ್ತೇವೆ" ಎಂದು ನೀವೇ ಬರೆದುಕೊಡಿ.

ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಒಳಪ್ರತಿಯನ್ನು ಓದಿಸಿ ಧ್ವನಿಕಡತ ಮಾಡುವುದಿದ್ದರೆ ಈ ಯಾವ ಅನುಮತಿಯೂ ಬೇಡ. 52(1)(ಝಡ್‌ಬಿ) ಅದಕ್ಕೆಂದೇ 2012ರಲ್ಲಿ ಸೇರಿದ್ದು. ಲಾಭ ಮಾಡಬಾರದು, ಕಡತ ಅಂಥ ವಿದ್ಯಾರ್ಥಿಗಳಿಗೆ ಮಾತ್ರ ಸಿಗುವಂತೆ ನೋಡಿಕೊಳ್ಳಬೇಕು, ಅಷ್ಟೇ ಷರತ್ತು. ಅದನ್ನು ಯೂಟ್ಯೂಬ್‌ಗೆ ಹಾಕಬೇಡಿ, ನೋಂದಣಿ ಸಂಖ್ಯೆಯ ಮೇಲೆ ಇಳಿಸಿಕೊಳ್ಳುವ ಹಾಗೆ ಇಡಿ.